ಅಡುಗೆ ಡೇರೆಯ ಬಾಗಿಲು

"ನಿಮ್ಮೌನ, ಒಂದು ಸಹಿ ಹಾಕಾಕ ಪಂಚಾಂಗ ನೋಡಬೇಕೇನಲೇ ನಿನಗ?"

ಗೌರೀಶ ಕಾಗದವನ್ನು ರೊಟ್ಟಿ ಬಡಿಯುವ ಹಲಗೆಯ ಮೇಲೇ ಒಗೆದ. ಹಿಟ್ಟು ಎದ್ದು ಅವನ ಕರಿ ಜಾಕೆಟ್ಟಿನ ತೋಳಿಗೆ ಕೂತಿತು. ಸಂಜು ಬೇಕಂತಲೇ ಹಾರಿಸಿದನೇನೋ ಎಂಬಂತೆ ತೋಳನ್ನೊಮ್ಮೆ, ಸಂಜುವಿನ ಮುಖವನ್ನೊಮ್ಮೆ ನೋಡಿದ.

"ಕೈಯಾಗ ಹಿಟ್ಟೈತ್ರಿ ಸಾಹೇಬ್ರ."

"ತೊಳ್ಕೋ. ಲಿವರ್‌ಪೂಲ್‌ನ್ಯಾಗ ನೀರಿಗೇನು ಬರಾ ಬಿದ್ದೈತಿ?"

ಸಂಜು ತೊಳೆದುಕೊಳ್ಳಲಿಲ್ಲ. ಮುಂದಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದ. ಮಧ್ಯಾಹ್ನ ಸಿಡ್ನಿಯ ಆಚೆ ತುದಿಯ ರೌಸ್ ಹಿಲ್‌ನ ಸಮುದಾಯ ಭವನದಲ್ಲಿ ಊಟವಿತ್ತು. ಭಾರತದ ಬೇಸಿಗೆಯಲ್ಲಿ ಹಿಮಾಲಯ ಏರಿ ಬಂದವರೆಲ್ಲ ಮನೆಮಂದಿಯ ಜೊತೆ ಸೇರಿ ಫೋಟೊ ನೋಡುವವರಿದ್ದರು. ಆಮೇಲೆ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಕಡಕ್ ರೊಟ್ಟಿಯನ್ನು ನಿನ್ನೆಯೇ ಮಾಡಿ ಒಣಗಿಸಿದ್ದ. ಬಿಸಿ ರೊಟ್ಟಿ ಇನ್ನೂ ಅರ್ಧ ಬಾಕಿ ಇತ್ತು.

ಧಾರವಾಡದ ಗೌರೀಶ ಸಿಡ್ನಿಗೆ ಬಂದು ಇಪ್ಪತ್ತು ವರ್ಷ. ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲ್‌ನ ಈ ಶೆಡ್ಡಿನಲ್ಲಿ ಬೇಯಿಸಿದ ಊಟ ಡಬ್ಬಿಗಳಲ್ಲಿ ನಾರ್ವೆಸ್ಟ್ ಬಡಾವಣೆಯ ಆಫೀಸುಗಳಿಗೆ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಅವನು ಸಿಡ್ನಿ, ಮೆಲ್ಬರ್ನಿನ ಕನ್ನಡದವರನ್ನು ಹಿಮಾಲಯದ ಕಣಿವೆಗಳಿಗೆ ಕರೆದೊಯ್ಯುತ್ತಿದ್ದ. ಎಷ್ಟೇ ಎತ್ತರಕ್ಕೆ ಹೋದರೂ ನಮ್ಮ ಕೈ ಅಡುಗೆ ಎನ್ನುವುದೇ ಅವನ ಜಾಹೀರಾತು. ಆ ಕೈ ಸಂಜುವಿನದು. ಹುಬ್ಬಳ್ಳಿಯ ಖಾನಾವಳಿಯಿಂದ ಅವನನ್ನು ಕರೆಸಿಕೊಂಡು ಮೂರು ವರ್ಷವಾಗಿತ್ತು. ವೀಸಾ ಗೌರೀಶನ ಕಂಪನಿಯ ಹೆಸರಿನ ಮೇಲಿತ್ತು. ಇಲ್ಲೇ ಕಾಯಂ ನೆಲೆಸಲು ಪಿಆರ್‌ಗೆ ಹಾಕುವ ಅರ್ಜಿಗೂ ಗೌರೀಶನ ಪತ್ರ ಬೇಕು. ಪತ್ರ ತಯಾರಿತ್ತು. ಈ ಕಾಗದಕ್ಕೆ ಸಹಿ ಬಿದ್ದ ಕೂಡಲೇ ಕಳಿಸುತ್ತೇನೆ ಎಂದು ಗೌರೀಶ ವಾರದಿಂದ ಹೇಳುತ್ತಿದ್ದ.

"ಏನ್ ಬರದೈತ್ರಿ ಅದರಾಗ? ಇನ್ನೊಮ್ಮೆ ಓದ್ರಿ."

ಗೌರೀಶ ಹಲ್ಲು ಕಚ್ಚಿ ಓದಿದ. "ನವಾಂಗ್ ಅನ್ನೋ ಕೂಲಿ ಅವತ್ತು ಸಂಜಿಕ ಕುಡದಿದ್ದ. ಮಲಕೋ ಅಂದ್ರ ಕೇಳಲಿಲ್ಲ. ತಾನಾ ಎದ್ದು ಹೊರಗ ಹ್ವಾದ. ನಾ ಕಣ್ಣಾರೆ ಕಂಡೇನಿ. ಇಷ್ಟ. ಇದಕ್ಯಾಕ ಮೂರು ಸಲ ಪುರಾಣಾ?"

"ಅಂವ ಕುಡದಿರಲಿಲ್ರಿ."

"ನಾ ನಿನ್ನ ಕೇಳಿದ್ನೇನಲೇ ಬಾಡ್ಯಾ? ಸತ್ತವನ ಹೇಂತಿ ಪರಿಹಾರ ಕೊಡ್ರಿ ಅಂತ ಯಾವನೋ ಮಾಸ್ತರನ ಕಡಿಂದ ಪತ್ರ ಬರಿಸ್ಯಾಳ. ನಾಳೆ ಇನ್ಶೂರೆನ್ಸ್‌ನಾಕಿ ನಾರ್ವೆಸ್ಟ್ ಆಫೀಸಿಗೆ ಬರ್ತಾಳ. ಅಡಿಗಿಯವ ಏನಂತಾನ ಅಂತ ಮೊದಲ ನಿನ್ನ ಕೇಳತಾಳ. ನೀ ಇದನ್ನ ಕೊಡಬೇಕು, ಬಾಯಿ ಮುಚ್ಚಬೇಕು. ಪಾಸ್‌ಪೋರ್ಟಿನ್ಯಾಗ ಇರೋ ಹೆಸರಿಲೆ ಸಹಿ ಮಾಡು. ಇವತ್ತು ಭವನದಾಗ ಮಾತ್ರ ನೀ ಈರಯ್ಯ. ಕರಡಗಿ ಮರತು ಬರಬ್ಯಾಡ."

ಕಾಗದವನ್ನು ಜಾಡಿಸಿ ಮಡಚಿ ಸಂಜುವಿನ ಏಪ್ರನ್ ಜೇಬಿಗೆ ತುರುಕಿ ಹೋದ.

ಈರಯ್ಯ ಹುಟ್ಟಿದ್ದು ಮೆಲ್ಬರ್ನಿನಲ್ಲಿ, ಡಾಕ್ಟರ್ ಮಹಾಶ್ವೇತಾ ಅವರ ಮನೆಯಲ್ಲಿ. ಹಿಮಾಲಯಕ್ಕೆ ಹೊರಡುವ ಮೊದಲು ಅಲ್ಲೊಂದು ಸಭೆ ಸೇರಿತ್ತು. ಮೂಲತಃ ಹುಬ್ಬಳ್ಳಿಯವರಾದ ಮಹಾಶ್ವೇತಾ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದ್ದರು.

"ಅಡಿಗಿ ಯಾರು ಮಾಡ್ತಾರ್ರಿ? ನಂದು ದಿನಾ ಎರಡು ಹೊತ್ತು ಲಿಂಗಪೂಜಾ ಇರ್ತದ."

"ನಮ್ಮ ಅಯ್ಯನವರ ಮಾಡ್ತಾರ್ರಿ. ಈರಯ್ಯ ಅಂತ. ಜಂಗಮರು. ನೀವೇನೂ ಕಾಳಜಿ ಮಾಡಬ್ಯಾಡ್ರಿ" ಎಂದ ಗೌರೀಶ.

ರೊಟ್ಟಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಸಂಜು, ಈರಯ್ಯ ಎಂಬವನು ಯಾರು ಬಂದನೆಂದು ಹಿಂದೆ ತಿರುಗಿ ನೋಡಿದ್ದ.

ವಿಮಾನ ನಿಲ್ದಾಣದ ದಾರಿಯಲ್ಲಿ ಗೌರೀಶ ನಗುತ್ತಿದ್ದ. "ಬರೇ ಹೆಸರಲೇ. ನಿನ್ನ ಗಂಟೇನು ಹೋತು? ನಿನ್ನ ಕಾಲಿಗೆ ಬೀಳ್ತಾರ, ಬೀಳಿಸ್ಕೋ ಮಗನ. ನಿಮ್ಮ ಓಣ್ಯಾಗ ಯಾರಿಗೆ ಸಿಕ್ಕೈತಿ ಈ ಪುಣ್ಯಾ?" ಕೊರಳಿಗೆ ಕಟ್ಟಿಕೊಳ್ಳಲು ಬೆಳ್ಳಿಯ ಕರಡಿಗೆಯೊಂದನ್ನು ತಂದುಕೊಟ್ಟ. ಅದರೊಳಗೆ ಲಿಂಗ ಇರಲಿಲ್ಲ, ಏನೂ ಇರಲಿಲ್ಲ.

ಸಂಜುವಿನ ಅವ್ವ ದುರ್ಗವ್ವ ನವಲಗುಂದದ ಕಡೆಯ ಊರಿನಲ್ಲಿ ಅಂಥದೇ ಒಬ್ಬ ಅಯ್ಯನವರ ದನದ ಮನೆಯ ಸೆಗಣಿ ಬಾಚಿದವಳು. ಹಿತ್ತಿಲ ಬಾಗಿಲಾಚೆ ನಿಂತು ಸೆರಗೊಡ್ಡಿ, ಮೇಲಿಂದ ಬೀಳುವ ರೊಟ್ಟಿ ಹಿಡಿದವಳು. ಹಿಮಾಲಯದ ಸ್ಪಿತಿ ಕಣಿವೆಯ ಮೊದಲ ಬಿಡಾರದಲ್ಲಿ ಮಹಾಶ್ವೇತಾ ಮೊದಲ ತಟ್ಟೆಯನ್ನು ಅವಳ ಮಗನ ಮುಂದಿಟ್ಟು, "ಅಯ್ಯನವರು ಮೊದಲ ಉಣ್ಣಬೇಕು" ಎಂದು ಕಾಲು ಮುಟ್ಟಲು ಬಗ್ಗಿದರು. ಸಂಜು ಬೆಂಕಿ ತಗುಲಿದವನ ಹಾಗೆ ಕಾಲು ಎಳೆದುಕೊಂಡ. ಎರಡನೆಯ ದಿನ ಎಳೆದುಕೊಳ್ಳಲಿಲ್ಲ. ನಾಲ್ಕನೆಯ ದಿನ ತಾನೇ ಕಾಲು ಮುಂದೆ ಚಾಚಿದ.

ಆದರೆ ರೊಟ್ಟಿ ಮಾತು ಕೇಳಲಿಲ್ಲ. ಅಷ್ಟು ಎತ್ತರದಲ್ಲಿ ನೀರು ಪೂರ್ತಿ ಕಾಯುವ ಮೊದಲೇ ಕುದಿಯುತ್ತದೆ. ಆ ನೀರಿಗೆ ಜೋಳದ ಹಿಟ್ಟು ಜಿಗಿ ಬಿಡಲಿಲ್ಲ. ಬಡಿದರೆ ಅಂಚು ಹರಿಯಿತು, ಎತ್ತಿದರೆ ನಡು ಮುರಿಯಿತು. ಗೌರೀಶ ಎಲ್ಲರೆದುರು ಅಯ್ಯನವರೇ ಎನ್ನುತ್ತಿದ್ದವನು ಡೇರೆಯ ಹಿಂದೆ ಕರೆದು, "ಹಡಸಿಮಗನ, ರೊಟ್ಟಿ ಬಡಿಯಾಕ ಬರೂದಿಲ್ಲಂದ್ರ ನಿನ್ನ ಇಲ್ಲೇ ಒಗದು ಹೋಗ್ತೇನಿ" ಎಂದ.

ಅದನ್ನು ನೋಡಿದವನು ನವಾಂಗ್. ಪಕ್ಕದ ಕಣಿವೆಯವನು. ಚಳಿಗಾಲವೆಲ್ಲ ಚಂಡೀಗಢದಲ್ಲಿ ಗಾರೆ ಕೆಲಸ ಮಾಡಿ ಆಗಷ್ಟೇ ಮೇಲೆ ಬಂದು ಹೊರೆ ಹೊರುತ್ತಿದ್ದ. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ತನ್ನ ಚೀಲದಿಂದ ಒಂದು ಹಿಡಿ ಹುರಿದ ಬಾರ್ಲಿ ಹಿಟ್ಟು ತೆಗೆದು ಬಿಸಿನೀರಲ್ಲಿ ಗೊಟಾಯಿಸಿ ಅಂಟು ಮಾಡಿಕೊಟ್ಟ. "ಇಸ್ ಮೇ ಮಿಲಾವ್, ಭಾಯಿ." ಜೋಳದ ಹಿಟ್ಟಿಗೆ ಅದನ್ನು ಕಲಸಿ ಬಡಿದಾಗ ರೊಟ್ಟಿ ಹರಿಯಲಿಲ್ಲ. ಅಂದಿನಿಂದ ದಿನಾ ಒಂದು ಹಿಡಿ. ಉಂಡವರು ಅಯ್ಯನವರ ಕೈಗುಣ ಎಂದು ಹೊಗಳಿದರು. ಸಂಜು ಹೊಗಳಿಸಿಕೊಂಡ. ಬದಲಿಗೆ ನವಾಂಗನಿಗೆ ಅವನು ಕೊಟ್ಟದ್ದು ಚಹಾ, ಅದೂ ಡೇರೆಯ ಹೊರಗೆ. ಮಾಂಸ ತಿನ್ನುವ ಕೂಲಿಗಳು ಅಡುಗೆ ಡೇರೆಯೊಳಗೆ ಕಾಲಿಡಬಾರದೆಂದು ಮೊದಲ ದಿನವೇ ಗೌರೀಶ ಸಾರಿದ್ದ. ಮಹಾಶ್ವೇತಾ ಅವರ ಪೂಜೆ ಅಲ್ಲೇ ನಡೆಯುತ್ತಿತ್ತು. ಇಡೀ ಬಿಡಾರದಲ್ಲಿ ಬೆಚ್ಚಗಿದ್ದದ್ದು ಅದೊಂದೇ ಡೇರೆ.

ಬೆಟ್ಟಸಾಲು ದಾಟುವ ಎತ್ತರದ ದಾರಿ, ಪಾಸ್, ಏರುವ ಹಿಂದಿನ ದಿನ ಮಧ್ಯಾಹ್ನ ನವಾಂಗ್ ಹೊರೆ ಇಳಿಸಿ ಕೂತವನು ಏಳಲಿಲ್ಲ. ಕೆಮ್ಮಿದರೆ ಎದೆಯೊಳಗೆ ನೀರು ಅಲುಗಾಡಿದ ಸದ್ದು. ಮಹಾಶ್ವೇತಾ ಮೂರು ಮಾರು ದೂರ ನಿಂತು ನೋಡಿದರು. ಮಾತ್ರೆಯನ್ನು ಕಲ್ಲಿನ ಮೇಲಿಟ್ಟರು.

"ಗೌರೀಶ್, ಇವನನ್ನ ಕೆಳಗ ಒಯ್ಯಬೇಕ್ರಿ. ಈಗಿಂದೀಗ."

"ಯಾವುದರ ಮ್ಯಾಲೆ ಒಯ್ಯೂದ್ರಿ? ಇರೋದೊಂದು ಕುದುರಿ. ಅದರ ಮ್ಯಾಲೆ ಕುರ್ಚಿ ಅದಾವ, ಕಮೋಡಿನ ಡೇರೆ ಐತಿ. ನಿಮ್ಮ ಮೊಣಕಾಲಿಗೆ ಕಮೋಡ್ ಇಲ್ಲದ ಹ್ಯಾಂಗ್ರಿ? ಮುಂಜಾನೆ ನೋಡೂಣು."

ಮಹಾಶ್ವೇತಾ ಮಾತ್ರೆಯ ಡಬ್ಬಿ ಮುಚ್ಚಿ ತಮ್ಮ ಡೇರೆಗೆ ನಡೆದರು.

ಸಂಜೆ ಹಿಮ ಬೀಳತೊಡಗಿತು. ಡೇರೆಯೊಳಗೆ ಎರಡು ಸ್ಟೋವ್ ಉರಿಯುತ್ತಿದ್ದವು. ಮಹಾಶ್ವೇತಾ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ್ದರು. ನವಾಂಗ್ ಬಂದು ಬಾಗಿಲ ಬಟ್ಟೆಯನ್ನು ಹಿಡಿದು ನಿಂತ. ತುಟಿ ನೀಲಿಗಟ್ಟಿತ್ತು.

"ಭಾಯಿ, ಥೋಡಾ ಅಂದರ್..."

ಸ್ಟೋವಿನ ಸುತ್ತ ಕೂತಿದ್ದವರೆಲ್ಲ ಸಂಜುವಿನ ಕಡೆ ನೋಡಿದರು. ಗೌರೀಶ ಮೆತ್ತಗೆ, "ನೀವಾ ಹೇಳ್ರಿ ಅಯ್ಯನವರ. ಮಡಿ ನಿಮ್ಮದು" ಎಂದ.

ಸಂಜುವಿನ ಕೊರಳಲ್ಲಿ ಖಾಲಿ ಕರಡಿಗೆ ತೂಗುತ್ತಿತ್ತು. ಒಳಗೆ ಬಾ ಎಂದರೆ ಇವನೆಂಥ ಅಯ್ಯ ಎಂದು ಯಾರಾದರೂ ಕೇಳಿಯಾರು ಎಂಬುದಷ್ಟೇ ಅವನ ತಲೆಯಲ್ಲಿತ್ತು. ಎದ್ದು ಹೋದ. "ಬಾಹರ್ ಬೈಠೋ" ಎಂದ. ಡೇರೆಯ ಜಿಪ್ಪನ್ನು ಮೇಲಿಂದ ಕೆಳತನಕ ಎಳೆದ. ನವಾಂಗನ ಬೆರಳು ಸಿಕ್ಕೀತೆಂದು ನಡುವೆ ಒಂದು ಕ್ಷಣ ನಿಲ್ಲಿಸಿದ. ಅವನು ಬೆರಳು ತೆಗೆದುಕೊಂಡ ಮೇಲೆ ಪೂರ್ತಿ ಎಳೆದ.

ಮುಂಜಾನೆ ನವಾಂಗ್ ಕುದುರೆಯ ಜೀನಿನ ಪಕ್ಕ ಮಂಡಿ ಮಡಚಿ ಕೂತಂತೆಯೇ ಇದ್ದ. ತುಟಿಯಂಚಿನಲ್ಲಿ ಕೆಂಪು ನೊರೆ ಹೆಪ್ಪುಗಟ್ಟಿತ್ತು. ಅವತ್ತು ಕುದುರೆ ಸಿಕ್ಕಿತು. ಕುರ್ಚಿ, ಕಮೋಡು ಇಳಿಸಿ ಅವನನ್ನು ಕಟ್ಟಿ ಕೆಳಗೆ ಕಳಿಸಿದರು.

ರೌಸ್ ಹಿಲ್‌ನ ಭವನದಲ್ಲಿ ಪರದೆಯ ಮೇಲೆ ಹಿಮದ ಬೆಟ್ಟ ಬಂದಾಗ ಜನ ಚಪ್ಪಾಳೆ ತಟ್ಟಿದರು. ಫೋಟೊ ವಿವರಿಸುತ್ತಿದ್ದವರು ಮೂರ್ತಿ. ಮೈಸೂರಿನವರು, ನಾರ್ವೆಸ್ಟಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ಸಂಜು ಹಣೆಗೆ ವಿಭೂತಿ ಬಳಿದುಕೊಂಡು ರೊಟ್ಟಿಯ ಬುಟ್ಟಿಯ ಹತ್ತಿರ ನಿಂತಿದ್ದ.

"ಇದು ಪಾಸ್ ಟಾಪಲ್ಲಿ. ನಮ್ ಕನ್ನಡ ಬಾವುಟ ನೋಡಿ. ಆ ಕಾರ್ನರ್‌ನಲ್ಲಿ ಲೋಕಲ್ ಜನ. ಎಷ್ಟು ಸಿಂಪಲ್ ಅಂದ್ರೆ, ಏನೂ ಇಲ್ದೆ ಎಷ್ಟ್ ಖುಷಿಯಾಗಿರ್ತಾರೆ ಗೊತ್ತಾ? ನಮ್ಗೆ ಇಲ್ಲಿ ಮಾರ್ಟ್‌ಗೇಜ್ ಬಿಟ್ರೆ ಬೇರೆ ಯೋಚ್ನೆನೇ ಇಲ್ಲ." ಜನ ನಕ್ಕರು. ಮೂರ್ತಿ ದನಿ ತಗ್ಗಿಸಿದರು. "ನಮ್ ಪೋರ್ಟರ್ ಒಬ್ರು ಪಾಪ ಅಲ್ಲೇ ತೀರ್ಕೊಂಡ್ರು. ಡ್ರಿಂಕಿಂಗ್ ಪ್ರಾಬ್ಲಮ್ ಇತ್ತಂತೆ. ಒಂದ್ನಿಮಿಷ ಸೈಲೆನ್ಸ್ ಅಬ್ಸರ್ವ್ ಮಾಡೋಣ."

ಅರ್ಧ ನಿಮಿಷಕ್ಕೇ ಕುರ್ಚಿಗಳು ಸದ್ದು ಮಾಡಿದವು. ಜನ ತಟ್ಟೆ ಹಿಡಿದು ಸಾಲು ಹಚ್ಚಿ, ಬಡಿಸಿಕೊಂಡು ಕೂತರು. ಯಾರೂ ಇನ್ನೂ ತುತ್ತೆತ್ತಿರಲಿಲ್ಲ. ಮಹಾಶ್ವೇತಾ ಇದಕ್ಕೆಂದೇ ಮೆಲ್ಬರ್ನಿನಿಂದ ಬಂದಿದ್ದರು. ಬಾಳೆಯೆಲೆ ಹಾಸಿದ ತಟ್ಟೆಯನ್ನು ಎರಡೂ ಕೈಯಲ್ಲಿ ತಂದು ಸಂಜುವನ್ನು ಕುರ್ಚಿಯ ಮೇಲೆ ಕೂಡ್ರಿಸಿದರು.

"ಅಯ್ಯನವರು ಮೊದಲ. ಅಲ್ಲೆ ಹ್ಯಾಂಗೋ, ಇಲ್ಲೆನೂ ಹಂಗ."

ಬಗ್ಗಿ ಅವನ ಪಾದದ ಮೇಲೆ ಕೈ ಇಟ್ಟರು. ಮೂರ್ತಿ ಫೋನು ಎತ್ತಿ ಫೋಟೊ ತೆಗೆಯಲು ಸಿದ್ಧರಾದರು.

"ಏಳ್ರಿ ಮೇಡಂ" ಎಂದ ಸಂಜು. "ನಾ ಈರಯ್ಯ ಅಲ್ರಿ. ನನ್ನ ಹೆಸರು ಸಂಜು. ದುರ್ಗವ್ವನ ಮಗ. ಮಾದರ ಓಣಿಯಾಂವ."

ಗೌರೀಶ ಜೋರಾಗಿ ನಕ್ಕ. "ಅಯ್ಯನವರು ಇವತ್ತು ಚಾಷ್ಟಿ ಮಾಡೂ ಹುಕಿಯೊಳಗ ಅದಾರ."

"ಚಾಷ್ಟಿ ಅಲ್ರಿ." ಸಂಜು ಕರಡಿಗೆಯನ್ನು ಕೊರಳಿಂದ ತೆಗೆದು ಮುಚ್ಚಳ ಬಿಚ್ಚಿ ತಟ್ಟೆಯ ಪಕ್ಕ ಬೋರಲು ಹಾಕಿದ. ಏನೂ ಬೀಳಲಿಲ್ಲ. "ನವಾಂಗ್ ಕುಡದಿರಲಿಲ್ಲ. ದಮ್ಮು ಹತ್ತಿ ಅಡಿಗಿ ಡೇರೆಗೆ ಬಂದಿದ್ದ. ಮಡಿ ಕೆಡತೈತಿ ಅಂತ ಬಾಗಲಾ ಹಾಕಿದಾಂವ ನಾನು. ನನ್ನ ಮಡಿ. ಹಾಕಿಸಿದಾಂವ ಇಲ್ಲೇ ನಿಂತಾನ. ಮೇಡಂ, ಕೆಳಗ ಒಯ್ರಿ ಅಂತ ನೀವಾ ಅಂದಿದ್ರಿ. ಆಮ್ಯಾಲೆ ಯಾಕ ಸುಮ್ಮಾದ್ರಿ ಅಂತ ನಾ ಕೇಳೂದಿಲ್ಲ. ಕೇಳಾಕ ನನಗ ಮುಖಾ ಇಲ್ಲ."

ಮಹಾಶ್ವೇತಾ ಇನ್ನೂ ನೆಲದ ಮೇಲೇ ಕೂತಿದ್ದರು.

"ಇನ್ನೊಂದು ಐತ್ರಿ. ಅಲ್ಲೆ ರೊಟ್ಟಿ ಹರೀದಂಗ ಆಗಿದ್ದು ನನ್ನ ಕೈಗುಣ ಅಲ್ಲ. ದಿನಾ ಅವನ ಚೀಲದ ಹಿಟ್ಟು ಕಲಸ್ತಿದ್ದೆ. ಅದಾ ಚೀಲದಾಗ ಅವನ ಒಣಮಾಂಸಾನೂ ಇರ್ತಿತ್ತು. ನೀವೆಲ್ಲಾರೂ ಉಂಡೀರಿ. ಅವಂದ ಉಂಡು ಅವನ್ನ ಹೊರಗ ಇಟ್ಟಿವಿ."

ಗೌರೀಶ ಬಂದು ಅವನ ಕತ್ತಿನ ಪಟ್ಟಿ ಹಿಡಿದ. "ಸೂಳೇಮಗನ, ನಿನ್ನ ವೀಸಾ ನನ್ನ ಕೈಯಾಗೈತಿ. ಮರತೇನು?"

"ಗೊತ್ತೈತ್ರಿ. ಕೈ ತಗೀರಿ. ಆಮ್ಯಾಲೆ ನೀವೂ ಜಳಕಾ ಮಾಡಬೇಕಾದೀತು."

ಯಾರೋ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಮೂರ್ತಿಯವರ ಫೋನು ಇನ್ನೂ ಎತ್ತಿದಂತೆಯೇ ಇತ್ತು. ಅದನ್ನು ಕಂಡು ಗೌರೀಶ ಕೈ ಬಿಟ್ಟ.

ಸಂಜು ಜೇಬಿನಿಂದ ಕಾಗದ ತೆಗೆದ. ಅದರ ಮೇಲೆ ಹಿಟ್ಟಿನ ಬೆರಳಚ್ಚುಗಳು ಬಿದ್ದಿದ್ದವು. ಮಗುಚಿ, ಖಾಲಿ ಬದಿಯಲ್ಲಿ, ಮೊಣಕಾಲಿನ ಮೇಲಿಟ್ಟುಕೊಂಡು ಕನ್ನಡದಲ್ಲಿ ಬರೆದ. ನಾಲ್ಕು ಸಾಲಾಯಿತು. ತಾನು ಜಿಪ್ಪು ಎಳೆದದ್ದನ್ನೂ ಬರೆದ. ಕೆಳಗೆ ತನ್ನ ಹೆಸರು, ಅವ್ವನ ಹೆಸರು, ಊರು ಬರೆದು ಮಡಚಿ ಜೇಬಿಗೆ ಹಾಕಿಕೊಂಡ.

"ನಾಳೆ ಆ ಇನ್ಶೂರೆನ್ಸ್ ಬಾಯಾರಿಗೆ ಇದನ್ನ ಕೊಡ್ತೇನ್ರಿ. ಓದಿಸ್ಕೊಳ್ಳಲಿ."

ಮಹಾಶ್ವೇತಾ ಎದ್ದರು. ಅವನ ಪಾದ ಮುಟ್ಟಿದ ಬಲಗೈಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಸೀರೆಗೆ ತಾಗದ ಹಾಗೆ, ಪೆಟ್ಟಾದ ಕೈಯಂತೆ ಎತ್ತಿ ಹಿಡಿದುಕೊಂಡೇ ಭವನದ ಹಿಂದಿನ ಅಡುಗೆಕೋಣೆಗೆ ನಡೆದರು. ನಲ್ಲಿ ತಿರುಗಿಸಿದ ಸದ್ದು ಕೇಳಿತು.

ಸಾಲು ಕುರ್ಚಿಗಳಲ್ಲಿ ತಟ್ಟೆಗಳು ಮಡಿಲಲ್ಲಿದ್ದವು. ಬೆರಳುಗಳು ರೊಟ್ಟಿಯ ಮೇಲಿದ್ದವು. ಯಾರೂ ಮುರಿಯಲಿಲ್ಲ. ಸಂಜುವಿಗೆ ಬೆಳಗಿನಿಂದ ಹಸಿವಾಗಿತ್ತು. ಬಾಳೆಯೆಲೆಯ ಮೇಲಿದ್ದ ಕಡಕ್ ರೊಟ್ಟಿಯನ್ನು ಮುರಿದ. ಆ ಸದ್ದು ಕೊನೆಯ ಸಾಲಿನವರೆಗೂ ಕೇಳಿತು. ಎಣಗಾಯಿ ಹಚ್ಚಿ ಬಾಯಿಗಿಟ್ಟುಕೊಂಡು ಅಗಿಯತೊಡಗಿದ.

ಒಳಗೆ ನಲ್ಲಿಯ ನೀರು ಇನ್ನೂ ನಿಂತಿರಲಿಲ್ಲ.