ಸೀಟಿಗೆ ಬರುವ ಕೋಳಿಗಳು

ಮೊಟ್ಟೆಯಕ್ಕನಿಗೆ ಆ ಹೆಸರು ಬಂದಿದ್ದು ಮೊಟ್ಟೆ ಮಾರಿ ಅಲ್ಲ, ಮಾರಲಾಗದೆ. ಶುರುವಿನಲ್ಲಿ ಉಳಿದುಹೋದದ್ದನ್ನೆಲ್ಲ ಬೀದಿಯವರಿಗೆ ಹಂಚಿದ್ದಳಲ್ಲ, ಪುಕ್ಕಟೆ ತಿಂದವರು ಪ್ರೀತಿಯಿಂದ ಇಟ್ಟ ಹೆಸರು ಅದು. ಹೆಸರು ಕೊಟ್ಟರೇ ಹೊರತು ಒಬ್ಬರೂ ಗಿರಾಕಿಯಾಗಲಿಲ್ಲ. ಜನ ಬಲು ಜಾಣರು ಬಿಡಿ.

ಕೋಳಿ ಸಾಕಬೇಕೆಂಬುದು ಅವಳ ಬಹಳ ದಿನದ ಆಸೆ. ಗಂಡ ಬಸ್ಸಿನ ಕಂಡಕ್ಟರು. ಅವನು ಊರೂರು ಸುತ್ತಿ ಬರುವ ತನಕ ತಟ್ಟೆ ಮುಚ್ಚಿಟ್ಟು ಕಾಯುವುದರಲ್ಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಅವನು ರಿಟೈರಾಗಿ ಮನೆಗೆ ಬಂದ ದಿನವೇ ಹೇಳಿಬಿಟ್ಟಳು: "ಇಷ್ಟು ದಿನ ನಿಮ್ಮ ಕೆಲಸಕ್ಕೆ ನಾನು ಹೊಂದ್ಕೊಂಡೆ. ಇನ್ನು ನನ್ನ ಕೆಲಸಕ್ಕೆ ನೀವು ಹೊಂದ್ಕೊಳ್ಳಿ."

"ರೈಟ್, ರೈಟ್" ಅಂದ ಅವನು. ಬಸ್ಸು ಹೊರಡಿಸಿ ಹೊರಡಿಸಿ ನಾಲಿಗೆಗೆ ಅಂಟಿಕೊಂಡ ಮಾತು ಅದು. ಬೀದಿಗೆಲ್ಲ ಅವನು ರೈಟಣ್ಣ.

ರಸ್ತೆ ಪಕ್ಕದ ಖಾಲಿ ಅಂಗಳ ಮೈದುನನದು. ಅಣ್ಣನ ಮುಖ ನೋಡಿ ಕೊಟ್ಟಿದ್ದ, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ಅಲ್ಲಿ ರೈಟಣ್ಣ ಕೋಳಿಮನೆ ಕಟ್ಟಿದ. ತೇವ ತಾಗದಿರಲಿ, ಇಲಿ ನುಗ್ಗದಿರಲಿ ಎಂದು ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿ, ಹತ್ತಲು ಹಲಗೆಯ ಮೆಟ್ಟಿಲು ಇಟ್ಟ. ಅಳತೆ ಎಲ್ಲಿಂದ ತಂದ ಅಂತೀರಿ? ಬಸ್ಸಿನ ಮೆಟ್ಟಿಲಿನದೇ. ಅವನಿಗೆ ಗೊತ್ತಿದ್ದ ಮೆಟ್ಟಿಲು ಅದೊಂದೇ.

ಮೊಟ್ಟೆಯಕ್ಕ ಬೆಳಿಗ್ಗೆ ಎದ್ದವಳೇ ನೀರಿನ ಬಟ್ಟಲು ಉಜ್ಜುವಳು, ನೆಲದ ಮರದ ಹೊಟ್ಟು ಕೆದಕಿ ಒಣಗಿಸುವಳು, ಕಾಳಿನ ಡಬ್ಬಿ ಅಲ್ಲಾಡಿಸಿ "ಬಾ ಬಾ" ಎಂದು ಕೋಳಿಗಳನ್ನು ಕೆಳಗಿಳಿಸುವಳು. ಸಂಜೆ ಒಳಗೆ ಸೇರಿಸಲು ಹೋದರೆ ಮಾತ್ರ ಅವು ಅವಳ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ. ಒಂದು ದಿನ ರೈಟಣ್ಣ ತನ್ನ ಹಳೇ ಸೀಟಿ ಹೊರತೆಗೆದ. ಒಂದು ಸೀಟಿಗೆ ಸೀಟಿ ಊದಿದ ಕಡೆ ಬಂದು ಸೇರಬೇಕು, ಎರಡು ಸೀಟಿಗೆ ಮೆಟ್ಟಿಲು ಹತ್ತಬೇಕು. ಹತ್ತಿದವಕ್ಕೆ ಒಳಗೆ ಕಾಳು.

"ಕೋಳಿಗೆ ಸೀಟಿ ಹೊಡೆಯೋರನ್ನ ನಾನೆಲ್ಲೂ ಕಂಡಿಲ್ಲ" ಎಂದು ಅವಳು ಹಣೆ ಚಚ್ಚಿಕೊಂಡಳು.

ವಾರ ಕಳೆಯುವುದರೊಳಗೆ ಸೀಟಿ ಕೇಳಿದ್ದೇ ತಡ, ಎಲ್ಲೆಲ್ಲಿದ್ದ ಕೋಳಿಗಳೂ ಎದ್ದೆವೋ ಬಿದ್ದೆವೋ ಅಂತ ಓಡಿಬಂದು ಹತ್ತತೊಡಗಿದವು. "ನನ್ನ ಪ್ಯಾಸೆಂಜರುಗಳಿಗಿಂತ ವಾಸಿ ಕಣೇ, ಬಾಗಿಲಲ್ಲಿ ಒಂದೂ ನಿಲ್ಲಲ್ಲ" ಎಂದು ಅವನು ಬೀಗಿದ.

ಅಷ್ಟರಲ್ಲಿ ಮೈದುನ ಬಂದ. ಗೋಡೆಗೊರಗಿ, ಮುಖ ಎತ್ತದೆ ಹೇಳಿದ: "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಂಗೆ ಗೋದಾಮಿಗೆ ಜಾಗ ಬೇಕು. ಈ ತಿಂಗಳಲ್ಲಿ ಒಬ್ಬ ಖಾಯಂ ಗಿರಾಕಿ ಸಿಕ್ರೆ ನಾನು ತುಟಿ ಪಿಟಕ್ಕನ್ನಲ್ಲ. ಸಿಗದಿದ್ರೆ ಕೋಳಿ ಮಾರಿಬಿಡಿ."

ಅವನದು ನ್ಯಾಯದ ಮಾತೇ. ಅದಕ್ಕೇ ಅವಳಿಗೆ ಹೆಚ್ಚು ಸಂಕಟವಾಯಿತು. ಅಂಗಡಿ ಅಂಗಡಿ ಅಲೆದಳು. ಕೊನೆಗೆ ಪೇಟೆಯ ಬೇಕರಿಯಮ್ಮ, "ಮೊಟ್ಟೆ ಆಮೇಲೆ, ಮೊದಲು ಕೋಳಿ ತೋರಿಸಿ" ಎಂದು ತಿಂಗಳ ಕಡೇ ದಿನ ಬರಲು ಒಪ್ಪಿದಳು.

ಆ ದಿನ ಮೊಟ್ಟೆಯಕ್ಕ ಅಂಗಳ ಗುಡಿಸಿ, ಬರುವವರಿಗೆ ಮರ್ಯಾದೆಯಿರಲಿ ಎಂದು ಗೇಟನ್ನು ಅಗಲಕ್ಕೆ ತೆರೆದಿಟ್ಟಳು. ಕೋಳಿಗಳು ಬಿಸಿಲಲ್ಲಿ ಮಣ್ಣು ಕೆದರುತ್ತಿದ್ದವು. ಎಲ್ಲ ಅಚ್ಚುಕಟ್ಟು. ಆದರೆ ಬೇಕರಿಯಮ್ಮ ಬರುವುದು ಬಸ್ಸಿನಲ್ಲಿ ಎಂಬುದು ಗಂಡ ಹೆಂಡತಿ ಇಬ್ಬರ ತಲೆಗೂ ಹೊಳೆಯಲಿಲ್ಲ.

ಬಸ್ಸು ಬಂತು. ಅಲ್ಲಿ ನಿಲ್ದಾಣವಿಲ್ಲ, ಬೇಕರಿಯಮ್ಮ ಕೇಳಿಕೊಂಡಳೆಂದು ಕಂಡಕ್ಟರು ಗೇಟಿನೆದುರೇ ಒಂದು ಸೀಟಿ ಹೊಡೆದ. ಕೋಳಿಗಳೆಲ್ಲ ಕತ್ತೆತ್ತಿದವು. ಮರುಕ್ಷಣ ಅಷ್ಟೂ ಕೋಳಿ ಗೇಟು ದಾಟಿ ಬಸ್ಸಿನ ಬಾಗಿಲಲ್ಲಿ. ಬೇಕರಿಯಮ್ಮ ಇಳಿಯಲು ಕಾಲಿಟ್ಟವಳು ಹಾಗೇ ನಿಂತಳು. ಕೆಳಗೇನಾಗುತ್ತಿದೆ ಎಂದು ನೋಡದೆ ಆ ಮಹಾರಾಯ ಎರಡು ಸೀಟಿ ಊದಿದ.

ಇನ್ನೇನು ಕೇಳುತ್ತೀರಿ! ಮೆಟ್ಟಿಲು ಅದೇ ಅಳತೆ. ಬೇಕರಿಯಮ್ಮನನ್ನು ಒಳಕ್ಕೆ ನೂಕಿಕೊಂಡೇ ಹತ್ತಿಬಿಟ್ಟವು. ಒಂದು ಡ್ರೈವರನ ಹೆಗಲೇರಿತು, ಕೆಲವು ಸೀಟಿನಡಿ ಕಾಳು ಹುಡುಕಿದವು. ಕಂಡಕ್ಟರು ತನ್ನ ಸೀಟು ಬಿಟ್ಟು ಮೂಲೆ ಸೇರಿದ.

ರೈಟಣ್ಣ ಓಡಿಬಂದು ಇಣುಕಿ, ಬಾಯಿ ತಪ್ಪಿ "ಮುಂದೆ ಹೋಗಿ, ಮುಂದೆ ಜಾಗ ಇದೆ" ಅಂದ. ಆಮೇಲೆ ಸೀಟಿ ಬಾಯಿಗಿಟ್ಟವನು ಪೆಚ್ಚಾದ. ಹತ್ತುವುದಕ್ಕೆ ಕಲಿಸಿದ್ದ, ಇಳಿಯುವುದಕ್ಕೆ ಕಲಿಸಿರಲಿಲ್ಲ.

ಮುಗೀತು ನನ್ನ ಕಥೆ ಅಂದುಕೊಂಡಳು ಮೊಟ್ಟೆಯಕ್ಕ. ಅಳು ಒತ್ತಿಬಂತು. ಆದರೂ ಕಾಳಿನ ಡಬ್ಬಿ ತಂದು ಬಸ್ಸಿನ ಬಾಗಿಲಲ್ಲಿ ನಿಂತು, ದಿನಾ ಬೆಳಿಗ್ಗೆ ಮಾಡುವ ಹಾಗೆ ಅಲ್ಲಾಡಿಸಿ "ಬಾ ಬಾ" ಅಂದಳು. ಒಂದರ ಹಿಂದೊಂದು ಇಳಿದು ಅವಳ ಹಿಂದೆಯೇ ಅಂಗಳಕ್ಕೆ ನಡೆದವು. ಒಂದು ಕೆಂಚು ಕೋಳಿ ಮಾತ್ರ ಕಂಡಕ್ಟರನ ಸೀಟಿನ ಮೇಲೆ ಮಿಸುಕದೆ ಕೂತಿತ್ತು. ಎತ್ತಿ ನೋಡಿದರೆ ಅಡಿಯಲ್ಲಿ ಮೊಟ್ಟೆ.

"ಟಿಕೆಟ್ಟಿಗೆ ಕೊಟ್ಟಿದೆ, ಇಟ್ಕೊಳ್ಳಪ್ಪ" ಅಂದ ರೈಟಣ್ಣ. ಬಸ್ಸಿಗೆ ಬಸ್ಸೇ ನಕ್ಕಿತು.

ಬೇಕರಿಯಮ್ಮ ಆ ಬಿಸಿ ಮೊಟ್ಟೆಯನ್ನು ತಾನೇ ಎತ್ತಿಕೊಂಡು, ಸೆರಗಿಗಂಟಿದ್ದ ಪುಕ್ಕ ಕೊಡವಿ ಕೆಳಗಿಳಿದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು.

"ತಪ್ಪಾಯ್ತಮ್ಮ" ಎಂದಳು ಮೊಟ್ಟೆಯಕ್ಕ.

"ಏನು ತಪ್ಪು? ಫಾರಮ್ಮಿನ ಗೂಡಲ್ಲಿ ಎದ್ದು ನಿಲ್ಲೋಕೂ ಆಗದ ಕೋಳಿ ನೋಡಿ ನೋಡಿ ನಂಗೆ ಸಾಕಾಗಿದೆ. ಬಸ್ಸು ಹತ್ತೋ ಕೋಳಿ ಇವತ್ತೇ ನೋಡಿದ್ದು. ನಾಳೆಯಿಂದ ಇದೇ ಬಸ್ಸಿಗೆ ಮೊಟ್ಟೆ ಹಾಕಿ, ಎಷ್ಟಿದ್ದರೂ ನಂಗೇ."

ಮೊಟ್ಟೆಯಕ್ಕ ಈಗ ನಿಜಕ್ಕೂ ಅತ್ತಳು. ಗಲಾಟೆ ಕೇಳಿ ಬಂದಿದ್ದ ಮೈದುನ ಕೊಟ್ಟ ಮಾತಿನಂತೆ ತುಟಿ ಪಿಟಕ್ಕನ್ನದೆ, ತೆರೆದಿದ್ದ ಗೇಟನ್ನು ಭದ್ರವಾಗಿ ಮುಚ್ಚಿದ.

ಸಂಜೆ ಅವಳು ಗಂಡನೆದುರು ಕೈಚಾಚಿದಳು. "ಕೊಡಿ ಅದನ್ನ."

ಅವನು ಸಪ್ಪೆ ಮುಖ ಮಾಡಿ ಸೀಟಿ ಕೊಟ್ಟ, ಇನ್ನು ಅದು ಒಲೆಗೇ ಎಂದುಕೊಂಡು. ಅವಳು ಸೆರಗಲ್ಲಿ ಒರೆಸಿ, ತಾನೇ ಬಾಯಿಗಿಟ್ಟು ಒಂದು ಊದಿದಳು, ಆಮೇಲೆ ಎರಡು. ಕೋಳಿಗಳು ಸಾಲಾಗಿ ಒಳಹೋದವು.

"ರೀ, ನೀವೂ ನಡೀರಿ ಮನೆಗೆ, ಜೊತೇಲಿ ಊಟ ಮಾಡೋಣ" ಎಂದಳು.

"ರೈಟ್, ರೈಟ್" ಅಂದ ರೈಟಣ್ಣ.