ಅಂಗಳದಲ್ಲಿ ನಾಲ್ಕು ಗೆರೆ

ಕೇದಾರಿಯವರು ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿ ಉದುರಿಸಿ ನಾಲ್ಕು ಗೆರೆ ಎಳೆಯುತ್ತಿದ್ದರು. ಏಕೀಕರಣವಾಗಿ ಎರಡು ವರ್ಷವಾಗಿತ್ತು. ಹಳ್ಳಿಯ ಯಾವ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರೆ ಎಂದು ಅಧ್ಯಯನ ಮಾಡಲು ಧಾರವಾಡದಿಂದ ಬಂದವರು ಅವರು. ಮಕ್ಕಳನ್ನು ಜಾತಿವಾರು ನಿಲ್ಲಿಸಿ ಎಣಿಸಬೇಕಿತ್ತು. ಮನುಷ್ಯ ಒಳ್ಳೆಯವರೇ, ಆದರೆ ಜೀವವೆಲ್ಲ ಗೋಕಾಕದ ಬಸ್ಸಿನ ಮೇಲೆ.

"ಜಾತಿ ಯಾಕ್ರಿ?" ಎಂದರು ದುಂಡಪ್ಪ ಮಾಸ್ತರರು. "ಯಾರ ಮನ್ಯಾಗ ಓದಾವರ ಅದಾರ, ಯಾರು ಎಮ್ಮಿ ಕಾಯಾಕ ಹೋಗತಾರ, ಅದನ್ನ ಕೇಳ್ರಿ."

"ಅದನ್ನೂ ಕೇಳತೇನ್ರಿ. ಖರೆ, ಜಾತಿ ಬಿಟ್ರ ಯಾರಿಗೆ ಅನ್ಯಾಯ ಆಗೈತಿ ಅನ್ನೂದ ಕಾಣೂದಿಲ್ಲ."

ಮಾತಿನಲ್ಲಿ ಹುರುಳಿದೆ ಅನಿಸಿತು ಮಾಸ್ತರರಿಗೆ. "ಹಂಗಾರ ಒಳಗ ಒಬ್ಬೊಬ್ಬರನ್ನ ಕರದು ಕೇಳ್ರಿ. ಅಂಗಳದಾಗ ಬ್ಯಾಡ."

"ಬಸ್ ತಪ್ಪತೈತ್ರಿ, ಮಾಸ್ತರ."

ಆ ಶಾಲೆಯಲ್ಲಿ ಮಕ್ಕಳು ಕೂಡುತ್ತಿದ್ದುದು ಎತ್ತರದ ಪ್ರಕಾರ. ಎಲ್ಲರಿಗಿಂತ ಎತ್ತರವಿದ್ದವರು ಮಧ್ಯಾಹ್ನ ಗಡಿಗೆಯಿಂದ ಎಲ್ಲರಿಗೂ ಕುಡಿಯುವ ನೀರು ಹಾಕಬೇಕು; ಅದು ಮಾಸ್ತರರ ಕಾಯ್ದೆ. ಈ ವರ್ಷದ ಪಾಳಿ ಹರಿಜನ ಕೇರಿಯ ಕಾಡವ್ವನದು. ಊರಿಗೆ ಅದು ಗೊತ್ತಿತ್ತೋ ಇಲ್ಲವೋ, ಯಾರೂ ಬಾಯಿ ಬಿಟ್ಟಿರಲಿಲ್ಲ. ಮಾಸ್ತರರು ಆ ಮೌನವನ್ನೇ ನಂಬಿಕೊಂಡು ಹೆದರುತ್ತಲೇ ಶಾಲೆ ನಡೆಸಿದ್ದರು.

ಮಕ್ಕಳು ತಮ್ಮ ತಮ್ಮ ಜಾತಿಯ ಗೆರೆಗಳ ಮೇಲೆ ನಿಂತರು. ಕಾಡವ್ವನ ಗೆಳತಿ ಲಕ್ಕವ್ವ ಮಾತ್ರ ಅವಳ ಕೈ ಹಿಡಿದು ಹರಿಜನ ಮಕ್ಕಳ ನಾಲ್ಕನೆಯ ಗೆರೆಗೆ ಹೋಗಿದ್ದಳು. ಕೇದಾರಿಯವರು ಮೆಲ್ಲಗೆ ಕೈ ಬಿಡಿಸಿ ಅವಳನ್ನು ಒಂದನೆಯ ಗೆರೆಗೆ ಕರೆತಂದರು.

"ನಿನ್ನ ಜಾಗಾ ಇಲ್ಲೈತವ್ವ."

ಗೋಡೆಯಾಚೆ ಲಕ್ಕವ್ವನ ಅಜ್ಜ ಗುರುಲಿಂಗಪ್ಪ ನಿಂತು ನೋಡುತ್ತಿದ್ದರು. ಅವರ ಪಕ್ಕ ಇನ್ನಿಬ್ಬರು ಬಂದು ನಿಂತರು.

ಕೇದಾರಿಯವರಿಗೆ ಬಸ್ಸು ಸಿಕ್ಕಿತು.

ಮರುದಿನ ಮಧ್ಯಾಹ್ನ ಗಂಟೆ ಬಾರಿಸಿದ ಮೇಲೆ ಕಾಡವ್ವ ಎಂದಿನಂತೆ ತಂಬಿಗೆ ತುಂಬಿಕೊಂಡು ಗಡಿಗೆಯ ಹತ್ತಿರ ನಿಂತಳು. ಯಾರೂ ಬರಲಿಲ್ಲ. ಅಂಗಳದ ಸುಣ್ಣ ಇನ್ನೂ ಅಳಿಸಿರಲಿಲ್ಲ. ಯಾರೂ ಹೇಳದೆಯೇ ಮಕ್ಕಳು ತಮ್ಮ ತಮ್ಮ ಗೆರೆ ಹಿಡಿದಿದ್ದರು.

"ಲಕ್ಕಿ, ನೀರ ಬ್ಯಾಡೇನ?" ಎಂದು ಕಾಡವ್ವ ಕರೆದಳು.

"ಅಜ್ಜ ಬ್ಯಾಡಂದಾನ," ಎಂದಳು ಲಕ್ಕವ್ವ, ನೆಲ ನೋಡುತ್ತ. ಅವಳ ತುಟಿ ಒಣಗಿತ್ತು.

ಮಾಸ್ತರರೇ ಎದ್ದು ಹೋಗಿ ಬೊಗಸೆ ಒಡ್ಡಿದರು. "ಹಾಕವ್ವ."

ಕಾಡವ್ವ ಗೋಡೆಯ ಕಡೆ ನೋಡಿದಳು. ನಿನ್ನೆಗಿಂತ ಹೆಚ್ಚು ಮಂದಿ ಇದ್ದರು. ಅವಳು ತಂಬಿಗೆಯನ್ನು ಚೆಲ್ಲದಂತೆ ನೆಲಕ್ಕಿಟ್ಟು, ಅಂಗಳಕ್ಕಿಳಿದು, ನಾಲ್ಕನೆಯ ಗೆರೆಯ ಮೇಲೆ ಹೋಗಿ ನಿಂತಳು.

ಮಾಸ್ತರರ ಬೊಗಸೆ ಹಾಗೆಯೇ ಇತ್ತು.