ನೀರಿನೊಳಗಿನ ಕೊಯ್ಲು

ಚಪ್. ಚಪ್. ಸ್ವಲ್ಪ ಬಿಟ್ಟು ಮತ್ತೆ, ಚಪ್.

ಮಗು ನಿದ್ದೆಯಲ್ಲಿ ಬಾಯಿ ಚಪ್ಪರಿಸಿದಷ್ಟು ಸಣ್ಣ ಸದ್ದು. ನಡುರಾತ್ರಿ ದಾಟಿತ್ತು. ಗುಡಿಸಲಿನ ಹಿಂದೆ ಹತ್ತು ಹೆಜ್ಜೆ ಆಚೆಯ ಜೌಗಿನಿಂದ ಬರುತ್ತಿತ್ತು. ಸೊಸೆ ಚಾಪೆಯ ಮೇಲೆ ಉಸಿರು ಹಿಡಿದು ಕೇಳಿದಳು. ಮೀನುಗಳು. ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿಯುತ್ತಿವೆ. ನೀರು ನಿಂತುಬಿಟ್ಟರೆ ಹೀಗೆಯೇ. ಹಗಲನ್ನು ಹೇಗೋ ತಳ್ಳುತ್ತವೆ, ಬೆಳಗಿನ ಜಾವಕ್ಕೆ ಉಸಿರು ಸಾಲದೆ ಹೊಟ್ಟೆ ಮೇಲಾಗಿ ತೇಲುತ್ತವೆ.

ಮೀನು ತೇಲಿದರೆ ಗುಡಿಸಲು ಹೋಯಿತು. ಅರಣ್ಯ ಇಲಾಖೆಯ ಸಾಹೇಬ ಮಧ್ಯಾಹ್ನ ಅದನ್ನು ಬಾಯಿಬಿಟ್ಟು ಹೇಳಿದ್ದ.

"ಅಲ್ಲಿ ಕೂತ್ಕೊಳ್ರೋ. ನೆರಳಲ್ಲಲ್ಲ, ಅಲ್ಲಿ, ಬಿಸಿಲಲ್ಲಿ."

ಹನ್ನೊಂದು ಗುಡಿಸಲಿನ ಜನ ಇಲಾಖೆಯ ಶೆಡ್ಡಿನೆದುರು ಕುಕ್ಕರಗಾಲಲ್ಲಿ ಕೂತಿದ್ದರು. ತಲೆತಲಾಂತರದಿಂದ ಜೊಂಡು ಕೊಯ್ದು ಚಾಪೆ ಹೆಣೆಯುವವರು. ಸಾಹೇಬ ಮೂಗಿನಿಂದ ಕರವಸ್ತ್ರ ತೆಗೆಯದೆಯೇ ಮಾತಾಡಿದ.

"ನೀರು ಗಬ್ಬು ನಾರ್ತಿದೆ. ನಾಳೆ ಬೆಳಿಗ್ಗೆ ಹಕ್ಕಿ ಎಣಿಸೋರು ಬರ್ತಾರೆ. ಅವರ ಕಣ್ಣಿಗೆ ಒಂದೇ ಒಂದು ಸತ್ತ ಮೀನು ಬಿದ್ರೂ, ವಿಷ ಹಾಕಿದ್ದು ನೀವು ಅಂತಾನೇ ಬರೆಯೋದು ನಾನು. ಆಮೇಲೆ ಈ ಹನ್ನೊಂದು ಗೂಡು ಇಲ್ಲಿರಲ್ಲ. ಗೊತ್ತಾಯ್ತಾ?"

"ವಿಷ ಅಲ್ಲ ಸ್ವಾಮಿ, ನೀರಿಗೆ ಉಸಿರು ಕಟ್ಟಿದೆ." ಅತ್ತೆ ಎದ್ದು ನಿಂತಿದ್ದಳು. "ಹೋದ ವರ್ಷ ನಮ್ಮ ಕೈಲೇ ಕುಯ್ಸಿದ್ರಲ್ಲ, ಎಲ್ಲಾ ಕಡೆ ಒಂದೇ ಮಟ್ಟ, ನೀರಿನ ಮೇಲೆ ಗೇಣುದ್ದ ಬಿಟ್ಟು. ಆಗಲೇ ಬಡ್ಕೊಂಡೆ ನಾನು. ದಡದ ಜೊಂಡನ್ನ ಹಂಗೆ ಕುಯ್ಯಬೇಕು, ಮತ್ತೆ ಚಿಗುರುತ್ತೆ. ಓಣಿ ಜೊಂಡನ್ನ ನೀರೊಳಗೆ ಕೈ ಬಿಟ್ಟು ಬುಡಕ್ಕೇ ಕುಯ್ಯಬೇಕು. ನೀರು ತುಂಬಿ ಬೇರು ಸಾಯುತ್ತೆ, ದಾರಿ ಬಿಡುತ್ತೆ. ಈಗ ನೋಡಿ, ಒಂದಕ್ಕೆ ನಾಲ್ಕಾಗಿ ಚಿಗುರಿ ಕಂಡೀನೇ ಮುಚ್ಕೊಂಡಿದೆ."

ಓಣಿ ಎಂದರೆ ಜೊಂಡಿನ ನಡುವೆ ನೀರು ನಡೆಯುವ ದಾರಿ, ಕಂಡಿ ಅದರ ಬಾಯಿ. ಓಡುವ ನೀರಲ್ಲ ಅದು. ಮೇಲಿನ ತುದಿಯಲ್ಲಿ ಬೆಳಿಗ್ಗೆ ಬಿಟ್ಟ ಎಲೆಯೊಂದು ಹನ್ನೊಂದು ಗುಡಿಸಲು ದಾಟುವಷ್ಟರಲ್ಲಿ ಮಧ್ಯಾಹ್ನ. ಆದರೆ ನಡೆಯುತ್ತಿತ್ತು. ಈಗ ಮೂರು ತಿಂಗಳಿಂದ ಎಲೆ ಬಿಟ್ಟಲ್ಲೇ ಕೊಳೆಯುತ್ತಿತ್ತು.

ಸಾಹೇಬ ನಕ್ಕ. "ಹುಲ್ಲು ಕುಯ್ಯೋದಕ್ಕೆ ನಿನ್ನ ಹತ್ರ ಪಾಠಕ್ಕೆ ಬರಲೇನೇ ಮುದುಕಿ? ಸಂರಕ್ಷಿತ ಜಾಗ ಇದು. ಇನ್ಮೇಲೆ ಒಂದು ಎಸಳು ಮುಟ್ಟಿದ್ರೂ ಜೈಲು. ಲೋ, ಕುಡುಗೋಲೆಲ್ಲ ಕಿತ್ಕೊಳೋ ಇವರದ್ದು."

ಲೋ ಎಂದರೆ ಕಾವಲುಗಾರ. ಅತ್ತೆಯ ದೊಡ್ಡ ಮಗ, ಸೊಸೆಗೆ ಭಾವ. ಖಾಕಿ ಅಂಗಿ ಸಿಕ್ಕ ದಿನದಿಂದ ಕೇರಿಯವರು ಅವನಿಗಿಟ್ಟ ಹೆಸರು ಸಾಹೇಬರ ಬಾಲ. ಅವನು ತಲೆ ತಗ್ಗಿಸಿಕೊಂಡು ಸಾಲು ಹಿಡಿದು ಬಂದ. ಅತ್ತೆ ತನ್ನ ಕುಡುಗೋಲು ಬಿಡಲಿಲ್ಲ. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಬೋಳಿಮಗನೆ!"

"ನಿನ್ನನ್ನೇ ಬೈಕೊಂಡ್ಯಲ್ಲೇ," ಎಂದ ಸಾಹೇಬ.

"ಹೌದು ಸ್ವಾಮಿ, ಬೋಳಿನೇ ನಾನು. ಅದಕ್ಕೇ ಅಪ್ಪನ ಏಟು ಕಾಣದೆ ಬೆಳೀತು ಈ ಮುಂಡೇದು." ಅತ್ತೆ ಮಗನ ಖಾಕಿ ಅಂಗಿಯ ಮೇಲೆ ಉಗಿದಳು. ಸಾಹೇಬ ಮಾತ್ರ ಜೋರಾಗಿ ನಕ್ಕ.

ಚಪ್. ಚಪ್. ಈಗ ಎಡೆಬಿಡದೆ.

ಸೊಸೆ ಎದ್ದಳು. ಇಟ್ಟಿಗೆ ಗೂಡಿಗೆ ದುಡಿಯಲು ಹೋದ ಗಂಡನ ಹಳೆಯ ತುಂಬುತೋಳಿನ ಅಂಗಿ ಗೂಟದಲ್ಲಿತ್ತು, ಹಾಕಿಕೊಂಡಳು. ಅಡಿಗೆಯ ಚಾಕು ಹಿಡಿದಳು. ಅತ್ತೆಯನ್ನು ಎಬ್ಬಿಸಲಿಲ್ಲ. ಅವಳ ಕೆಮ್ಮು ಮೂರು ಗುಡಿಸಲಿಗೆ ಕೇಳುತ್ತದೆ, ಮಾತು ಹನ್ನೊಂದಕ್ಕೂ.

ಕಂಡಿಯ ಹತ್ತಿರ ನೀರು ಎದೆಮಟ್ಟ. ಕೆಸರು ಬೆಚ್ಚಗಿತ್ತು, ಕೊಳೆತ ಮೊಟ್ಟೆಯ ವಾಸನೆ. ಗಲ್ಲದವರೆಗೆ ಮುಳುಗಿ, ತಳದಲ್ಲಿ ಬುಡ ತಡಕಿ ಚಾಕು ಹಾಕಿದಳು. ಒಂದು ಬುಡಕ್ಕೆ ಹತ್ತು ಎಳೆತ. ಇಪ್ಪತ್ತು ಬುಡ ಆಗುವಷ್ಟರಲ್ಲಿ ಚಾಕು ಕೈಜಾರಿ ಕೆಸರು ಸೇರಿತು. ಹುಡುಕುತ್ತಿದ್ದಾಗಲೇ ಮುಖದ ಮೇಲೆ ಬೆಳಕು ಬಿತ್ತು.

ಟಾರ್ಚು ಅಲುಗಲಿಲ್ಲ. ಅವಳೂ ಅಲುಗಲಿಲ್ಲ. ಅವಳ ತಲೆಯಲ್ಲಿ ಹನ್ನೊಂದು ಗುಡಿಸಲು ಒಂದೊಂದಾಗಿ ಬಿದ್ದವು.

ಬೆಳಕು ಆರಿತು. ಹೆಜ್ಜೆ ಸದ್ದು ದೂರವಾಗಿ ಮತ್ತೆ ಹತ್ತಿರ ಬಂತು.

"ತಗೊ. ಅಮ್ಮಂದು." ಬಟ್ಟೆ ಸುತ್ತಿದ ಕುಡುಗೋಲಿನ ಹಿಡಿ ಕೈಗೆ ತಾಗಿತು. "ಅಡಿಗೆ ಚಾಕಲ್ಲಿ ಕುಯ್ದು ಯಾವ ಕಾಲಕ್ಕೆ ಮುಗಿಸ್ತಿದ್ದೆ?"

"ಭಾವ, ಸಾಹೇಬ್ರು..."

"ಬಾಯ್ಮುಚ್ಕೊಂಡು ಕುಯ್ಯಮ್ಮ."

ಅವನು ಖಾಕಿ ಅಂಗಿ ಬಿಚ್ಚಿ, ಮಡಚಿ, ದಡದ ಮೇಲಿಟ್ಟು, ಇನ್ನೊಂದು ಕುಡುಗೋಲು ಹಿಡಿದು ಬರಿಮೈಯಲ್ಲಿ ಇಳಿದ. ಅಂಗಿ ಒದ್ದೆಯಾಗುವಂತಿರಲಿಲ್ಲ. ಜೊಂಡಿನ ಎಲೆಯಂಚು ಬ್ಲೇಡಿನ ಹಾಗೆ. ಅವನು ಎದೆಯಿಂದಲೇ ಅದನ್ನು ಒತ್ತರಿಸಿ ದಾರಿ ಮಾಡಿದ, ನೀರೊಳಗೆ ಕೊಯ್ದ, ಅಮ್ಮ ಕಲಿಸಿದ ಹಾಗೆಯೇ. ಅವಳು ಕೊಯ್ದದ್ದನ್ನು ಎಳೆದೆಳೆದು ಪಕ್ಕಕ್ಕೆ ಹಾಕಿದಳು. ಮೂರು ಮಾರು ಉದ್ದ, ಒಂದು ಮೈ ಅಗಲದ ದಾರಿ.

"ಅಮ್ಮನಿಗೆ ಗೊತ್ತಾದ್ರೆ ಕಷ್ಟ," ಎಂದ ಒಮ್ಮೆ. "ಎಣಿಸೋರು ಬರೋದಕ್ಕೆ ಮುಂಚೆ ಹಕ್ಕಿಗಳಿಗೇ ಸುದ್ದಿ ಮುಟ್ಟಿರುತ್ತೆ."

ಅವಳಿಗೆ ನಗು ಬಂತು, ಅಳುವಿನ ಹಾಗೆ. ಆಮೇಲೆ ಕಾಲ ಮೀನಖಂಡಕ್ಕೆ ಏನೋ ತಣ್ಣಗೆ ತಾಗಿ ಸರಿಯಿತು. ನೀರು ನಡೆಯತೊಡಗಿತ್ತು. ಅವಳು ಕಿವಿಗೊಟ್ಟು ನಿಂತಳು. ಚಪ್ ಎನ್ನುವ ಸದ್ದು ವಿರಳವಾಯಿತು. ಆದರೂ ಗುಡಿಸಲಿಗೆ ಮರಳಿ ಮಲಗಿದ ಮೇಲೆ ಬೆಳಗಾಗುವವರೆಗೆ ಅವಳಿಗೆ ನಿದ್ದೆ ಹತ್ತಲಿಲ್ಲ. ಇನ್ನೊಂದು ಚಪ್ ಕೇಳಿಸಿತೇ ಎಂದು ಮತ್ತೆ ಮತ್ತೆ ಎದ್ದು ಕೂತಳು.

ಎಣಿಸುವವರು ದುರ್ಬೀನು ನೇತುಹಾಕಿಕೊಂಡು ಬಂದರು. ಮೀನು ತೇಲಿರಲಿಲ್ಲ. ಕಂಡಿಯ ಬಾಯಲ್ಲಿ ಕೊಕ್ಕರೆಗಳು ಸಾಲಾಗಿ ನಿಂತಿದ್ದವು.

"ನೀರು ಹರೀತಿದೆಯಲ್ಲ! ಓಣಿ ಬಿಡಿಸಿ ಒಳ್ಳೆ ಕೆಲಸ ಮಾಡಿದ್ದೀರಿ," ಎಂದರು ಅವರಲ್ಲಿ ಹಿರಿಯರು.

"ನಮ್ಮ ಯೋಜನೇಲಿ ಇತ್ತು ಸಾರ್," ಎಂದ ಸಾಹೇಬ.

ಜೀಪಿನ ಧೂಳು ಅಡಗುವವರೆಗೆ ಅವನು ಕೈಬೀಸುತ್ತಲೇ ಇದ್ದ. ಆಮೇಲೆ ತಿರುಗಿದ.

"ಯಾವ ಸೂಳೆಮಗ ಕುಯ್ದಿದ್ದು?"

ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿದರು. ನಿಜಕ್ಕೂ ಯಾರಿಗೂ ಗೊತ್ತಿರಲಿಲ್ಲ.

"ಕಾವಲಿದ್ದವನು ನೀನು. ಎಲ್ಲಿ ಸತ್ತಿದ್ದೆ?"

"ನಿದ್ದೆ ಬಂತು ಸಾರ್."

"ನಿದ್ದೆ! ಬಿಚ್ಚೋ ಅಂಗಿ. ಇವತ್ತಿಗೆ ಮುಗೀತು ನಿನ್ನ ಕೆಲಸ. ಬಿಚ್ಚು, ಇಲ್ಲೇ, ಎಲ್ಲರ ಮುಂದೆ."

ಭಾವನ ಕೈ ಮೇಲಿನ ಗುಂಡಿಯಲ್ಲೇ ನಿಂತಿತು. ಸೊಸೆ ಅದನ್ನು ನೋಡಿದಳು. ಸಾಹೇಬನೇ ಕಾಲರಿಗೆ ಕೈ ಹಾಕಿ ಎಳೆದ, ಗುಂಡಿಗಳು ಹಾರಿದವು. ಕೇರಿಯವರಲ್ಲಿ ಯಾರೋ "ಬಾಲ ಕತ್ತರಿಸಿದ್ರಪ್ಪೋ!" ಎಂದು ಕೂಗಿದರು. ಎಲ್ಲರೂ ನಕ್ಕರು.

ಎದೆಯ ತುಂಬ ಗೀರುಗಳು. ಕೆಂಪಗೆ, ಅಡ್ಡಡ್ಡ, ಇನ್ನೂ ಹಸಿ.

ಸಾಹೇಬ ಕಣ್ಣು ಕಿರಿದು ಮಾಡಿದ. "ಏನೋ ಅದು, ಎದೆ ಮೇಲೆ..."

ನಾನೇ ಕುಯ್ದದ್ದು ಎನ್ನಲು ಸೊಸೆಯ ನಾಲಗೆ ಏಳುವಷ್ಟರಲ್ಲಿ ಅತ್ತೆ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಅರುವತ್ತು ವರ್ಷ ಜೊಂಡು ಕೊಯ್ದ ಕಣ್ಣು ಮಗನ ಎದೆಯ ಮೇಲೆ ಒಂದು ಗಳಿಗೆ, ಒಂದೇ ಗಳಿಗೆ ನಿಂತಿತು. ಬಗ್ಗಿ ದಡದ ಕರೀ ಕೆಸರನ್ನು ಎರಡು ಕೈಯಲ್ಲೂ ಬಾಚಿದಳು.

"ನಿದ್ದೆ ಬಂತೇನೋ ಬೇವರ್ಸಿ? ನನ್ನ ಕುಡುಗೋಲು ಕಿತ್ಕೊಂಡು ನಿದ್ದೆ ಮಾಡಿದ್ಯಾ?"

ಕೆಸರು ಎದೆಗೇ ಬಡಿಯಿತು. ಇನ್ನೊಂದು ಬೊಗಸೆ. ಮತ್ತೊಂದು. ಕೇರಿಯವರೂ ಬಾಚಿ ಎಸೆದರು. ಸಾಹೇಬ ಬೂಟು ಹೊಲಸಾಗುತ್ತದೆಂದು ಹಿಂದೆ ಸರಿದು, ಕರವಸ್ತ್ರ ಮೂಗಿಗೊತ್ತಿ ನಗತೊಡಗಿದ. ಎದೆಯ ಮೇಲೆ ಒಂದು ಗೀರೂ ಕಾಣುತ್ತಿರಲಿಲ್ಲ.

ಭಾವ ದಡದ ದಾರಿ ಹಿಡಿದು ನಡೆದ. ಅತ್ತೆ ಶಾಪ ಹಾಕುತ್ತಲೇ ಇದ್ದಳು, ಗಂಟಲು ಒಡೆದು ಮಾತು ಬರೀ ಗಾಳಿಯಾಗುವವರೆಗೆ.

ಸಂಜೆ ಒಲೆಯ ಮುಂದೆ ಅತ್ತೆ ಸುತ್ತಲೂ ತಡಕಿದಳು.

"ಚಾಕು ಎಲ್ಲೇ?"

ಸೊಸೆ ಗೂಟದಲ್ಲಿ ಒಣಗುತ್ತಿದ್ದ ಅಂಗಿಯ ಕಡೆ ನೋಡಲಿಲ್ಲ. "ಕಾಣೆ ಅತ್ತೆ."

ಅತ್ತೆ ಈರುಳ್ಳಿಯನ್ನು ಮೊಣಕಾಲಿನ ಮೇಲಿಟ್ಟು ಗುದ್ದಿ ಒಡೆದಳು. ಉಗುರಿನ ಸಂದಿಯಲ್ಲಿ ಕೆಸರು ಹಾಗೇ ಇತ್ತು. ಹೊರಗೆ ಯಾರೋ ಬಾಲದ ಮಾತೆತ್ತಿ ನಗುತ್ತಿದ್ದರು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಆ ನಗು ಅಲ್ಲೇ ಸಾಯುತ್ತಿತ್ತು, ಮಾತು ಸಾಹೇಬನ ಕಿವಿಗೂ ಮುಟ್ಟುತ್ತಿತ್ತು. ಸೊಸೆ ಎದ್ದಳು, ಬಾಗಿಲವರೆಗೆ ಹೋದಳು, ಬಿದಿರಿನ ತಟ್ಟಿಯನ್ನು ಎಳೆದು ಒಳಗಿನಿಂದ ಕಟ್ಟಿದಳು. ಯಾರಿಗೂ ಹೇಳುವುದಿಲ್ಲ. ಗಂಡನಿಗೂ ಇಲ್ಲ. ಎದುರಿಗೆ ಕೂತ ಈ ಮುದುಕಿಗೂ ಇಲ್ಲ.